ನೀರು ಮೇಲಕ್ಕೆ ಹರಿಯಲ್ಲ, ಅದಕ್ಕೇ ಈ ಪತ್ರ

ಕಾಲುವೆ ನೀರಿನ ಹೊಣೆ ಹೊತ್ತ ಅಧಿಕಾರಿಗಳಿಗೆ, ಬಾಗಲಕೋಟೆ ಜಿಲ್ಲೆಯ ನೀರು ಬಳಕೆದಾರರ ಸಂಘಗಳ ಅಧ್ಯಕ್ಷರಿಗೆ, ಜೊತೆಗೆ ಮೇಲಿನ ಹೊಲಗಳ ನನ್ನ ಅಣ್ಣತಮ್ಮಂದಿರಿಗೆ,

ನಮಸ್ಕಾರ.

ನಾನು ಮುಧೋಳ ತಾಲ್ಲೂಕಿನವನು. ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ನಮ್ಮ ನಾಲ್ಕು ಎಕರೆ ಎರೆ ಹೊಲ ಘಟಪ್ರಭಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆಯ ಕಟ್ಟಕಡೆಗೆ ಇದೆ. ನಮ್ಮ ಹೊಲ ದಾಟಿದರೆ ಕಾಲುವೆ ಇಲ್ಲ, ಜಾಲಿ ಗಿಡ ಇದೆ. ಉಪಕಾಲುವೆಯ ಹೆಸರು ಬರೆಯುವುದಿಲ್ಲ. ಬರೆದರೆ ಮಾತು ನೀರನ್ನು ಬಿಟ್ಟು ಯಾರೋ ನಾಲ್ಕು ಜನರ ಮೇಲೆ ಹೋಗುತ್ತದೆ. ಆ ನಾಲ್ಕು ಜನರ ಬಗ್ಗೆ ನನಗೆ ಸಿಟ್ಟಿದೆ, ಸುಳ್ಳು ಹೇಳಲ್ಲ. ಆದರೆ ಈ ಪತ್ರ ಅವರ ಬಗ್ಗೆ ಅಲ್ಲ. ಕೊನೆ ಹೊಲಕ್ಕೆ ಪಾಳಿಯ ನೀರು ಯಾಕೆ ಬರಲ್ಲ, ಬರಲು ಏನು ಮಾಡಬೇಕು ಅನ್ನುವುದರ ಬಗ್ಗೆ.

ಹೋದ ಹಿಂಗಾರಿಯ ಒಂದು ರಾತ್ರಿ. ನಮ್ಮ ಪಾಳಿ ಹನ್ನೊಂದಕ್ಕೆ ಇತ್ತು. ಅಪ್ಪ ಮತ್ತು ನಾನು ಬ್ಯಾಟರಿ ಹಿಡಿದು ಕಾಲುವೆ ದಂಡೆಯ ಮೇಲೆ ಕೂತಿದ್ದೆವು. ಹನ್ನೆರಡಾಯಿತು, ಒಂದಾಯಿತು. ಕಾಲುವೆ ತಳದಲ್ಲಿ ನೀರು ಬಂತು ಅಂದರೆ ಬಂತು, ಇಲ್ಲ ಅಂದರೆ ಇಲ್ಲ. ಪಾದ ಮುಳುಗುವಷ್ಟೂ ಇರಲಿಲ್ಲ. ದಂಡೆ ಹಿಡಿದು ಮೇಲಕ್ಕೆ ನಡೆದೆವು. ಸುಮಾರು ಎರಡು ಕಿಲೊಮೀಟರ್ ಮೇಲೆ, ಕಾಲುವೆಗೆ ಅಡ್ಡ ಮಣ್ಣು ತುಂಬಿದ ಸಿಮೆಂಟ್ ಚೀಲ ಸಾಲಾಗಿ ಒಟ್ಟಿದ್ದರು. ಹಿಂದೆ ನೀರು ಮೊಣಕಾಲಿಗೆ ನಿಂತಿತ್ತು. ಅಲ್ಲಿಂದ ದಂಡೆ ಹತ್ತಿ ಇಳಿದ ಮೂರು ಕರಿ ಪೈಪು. ಅವು ನೇರ ಕಬ್ಬಿನೊಳಗೆ. ಪೈಪಿನ ಬಾಯಿಗೆ ಕಸ ಸಿಗಬಾರದು ಅಂತ ಹಳೆ ಸೀರೆಯ ತುಂಡು ಕಟ್ಟಿದ್ದರು, ಎಷ್ಟು ಜೋಪಾನ ನೋಡಿ. ಅಪ್ಪ ಚೀಲ ಕೀಳಲು ಹೋಗಲಿಲ್ಲ. "ಬಾ, ಮನಿಗೆ ಹೋಗೋಣು" ಅಂದರು. ಆ ಪೈಪು ಯಾರದು ಅಂತ ಇಬ್ಬರಿಗೂ ಗೊತ್ತಿತ್ತು. ನಮ್ಮ ಅವ್ವನ ತವರು ಕಡೆಯವರದು. ನಾನು ಮಾಮಾ ಅಂತ ಕರೆಯುವ ಮನುಷ್ಯ.

ಇಂಥ ಮಾತು ಸಭೆಗೆ ಬಂದಾಗಲೆಲ್ಲ ಎರಡೇ ಉತ್ತರ ಕೇಳಿದ್ದೇನೆ. ಒಬ್ಬರು "ರೈತರಲ್ಲಿ ಜಾಗೃತಿ ಮೂಡಿಸಬೇಕು" ಅನ್ನುತ್ತಾರೆ. ಇನ್ನೊಬ್ಬರು "ಪೊಲೀಸ್ ಬಂದೋಬಸ್ತ್ ಹಾಕಿಸಿ, ಕೇಸ್ ಜಡಿಯಿರಿ" ಅನ್ನುತ್ತಾರೆ. ಮೊದಲನೆಯವರ ಲೆಕ್ಕದಲ್ಲಿ ರೈತನಿಗೆ ತಿಳಿವಳಿಕೆ ಇಲ್ಲ. ಎರಡನೆಯವರ ಲೆಕ್ಕದಲ್ಲಿ ರೈತ ಕಳ್ಳ. ನಮ್ಮ ಮಾಮಾಗೆ ತಿಳಿವಳಿಕೆ ನನಗಿಂತ ಜಾಸ್ತಿ ಇದೆ. ಕಳ್ಳನೂ ಅಲ್ಲ, ನನ್ನ ಫೀಸು ಕಡಿಮೆ ಬಿದ್ದಾಗ ಕೇಳದೆ ಕಟ್ಟಿದವರು ಅವರೇ. ಹಾಗಾದರೆ ಚೀಲ ಯಾಕೆ ಒಟ್ಟಿದರು? ಅವರನ್ನೇ ಕೇಳಿದ್ದೆ. "ನನ್ನ ಮ್ಯಾಲಿನಂವ ತಗೊಂಡ, ನಾ ಬಿಟ್ರ ಹುಚ್ಚ ಆಗ್ತೀನಿ" ಅಂದರು.

ಈ ಒಂದು ಮಾತಿನ ಮೇಲೆ ಗಣಿತದಲ್ಲಿ ಒಂದು ಶಾಖೆಯೇ ನಿಂತಿದೆ. ವಿಕಾಸವಾದಿ ಆಟದ ಸಿದ್ಧಾಂತ ಅಂತ ಹೆಸರು. ಹೆಸರಿಗೆ ಹೆದರಬೇಡಿ. ಒಬ್ಬನ ಗಳಿಕೆ ಇನ್ನೊಬ್ಬ ಏನು ಮಾಡುತ್ತಾನೆ ಅನ್ನುವುದರ ಮೇಲೆ ನಿಂತಿದ್ದರೆ ಗಣಿತದವರು ಅದಕ್ಕೆ ಆಟ ಅನ್ನುತ್ತಾರೆ. ಜಾನ್ ಮೇನಾರ್ಡ್ ಸ್ಮಿತ್ ಅಂತ ಇಂಗ್ಲೆಂಡಿನ ಜೀವವಿಜ್ಞಾನಿ, ಮೊದಲು ವಿಮಾನದ ಎಂಜಿನಿಯರ್ ಆಗಿದ್ದವರು, ಜಾರ್ಜ್ ಪ್ರೈಸ್ ಜೊತೆ ಸೇರಿ 1973ರಲ್ಲಿ ಒಂದು ಪ್ರಶ್ನೆ ಎತ್ತಿದರು. ಕೊಂಬಿರುವ ಪ್ರಾಣಿಗಳು ಜಗಳಕ್ಕೆ ನಿಂತರೂ ಒಂದನ್ನೊಂದು ಕೊಲ್ಲುವುದು ಕಡಿಮೆ. ಯಾಕೆ? ಅವುಗಳಿಗೆ ಧರ್ಮ ಅಧರ್ಮ ಗೊತ್ತಿಲ್ಲ. ಯಾವ ನಡತೆಯಿಂದ ಹೊಟ್ಟೆ ತುಂಬುತ್ತದೋ, ಮರಿ ಉಳಿಯುತ್ತದೋ, ಆ ನಡತೆ ಮುಂದಿನ ಪೀಳಿಗೆಯಲ್ಲಿ ಜಾಸ್ತಿ ಆಗುತ್ತದೆ, ಅಷ್ಟೇ. 1978ರಲ್ಲಿ ಟೇಲರ್ ಮತ್ತು ಯಾಂಕರ್ ಅನ್ನುವ ಇಬ್ಬರು ಇದಕ್ಕೆ ಒಂದು ಸಮೀಕರಣ ಬರೆದರು. ಅದರ ತಿರುಳು ಒಂದು ಸಾಲು: ಯಾರ ಗಳಿಕೆ ಸರಾಸರಿಗಿಂತ ಮೇಲಿದೆಯೋ, ಅವರ ದಾರಿ ಹಿಡಿಯುವವರು ಹೆಚ್ಚುತ್ತಾರೆ.

ಪ್ರಾಣಿಗಳಲ್ಲಿ ಇದು ಹುಟ್ಟಿನಿಂದ ನಡೆಯುತ್ತದೆ. ಮನುಷ್ಯರಲ್ಲಿ ಪಕ್ಕದ ಹೊಲ ನೋಡಿ ನಡೆಯುತ್ತದೆ. ರೈತ ಕೃಷಿ ಮೇಳದ ಪುಸ್ತಕ ನೋಡಿ ಬೆಳೆ ಹಾಕುವುದು ಕಡಿಮೆ. ಬದು ಆಚೆಯವನ ಹೊಲದಲ್ಲಿ ಏನು ಬಂತು, ಎಷ್ಟಕ್ಕೆ ಹೋಯಿತು ಅಂತ ನೋಡಿ ಹಾಕುತ್ತಾನೆ. ಕಬ್ಬು ಈ ಕಡೆ ಹಬ್ಬಿದ್ದು ಹಾಗೇ ಅಲ್ವಾ? ಆದ್ದರಿಂದ ನದಿ, ಅಂತರ್ಜಲ, ಮೀನು, ಕಾಡು ಇಂಥವುಗಳ ಜೊತೆ ಜನ ಹೇಗೆ ನಡೆದುಕೊಳ್ಳುತ್ತಾರೆ ಅಂತ ಲೆಕ್ಕ ಹಾಕುವವರು ಈಗ ಇದೇ ಸಮೀಕರಣ ಬಳಸುತ್ತಾರೆ.

ನಮ್ಮ ಕಾಲುವೆಗೆ ಹಚ್ಚಿ ನೋಡೋಣ. ಅಂಕಿ ನಾನೇ ಇಟ್ಟುಕೊಂಡದ್ದು, ಲೆಕ್ಕ ಹರಿಯಲಿ ಅಂತ. ಒಂದು ಉಪಕಾಲುವೆಯಲ್ಲಿ 100 ರೈತರು. ಎಲ್ಲರೂ ಪಾಳಿ ಪ್ರಕಾರ ನಡೆದರೆ ಒಬ್ಬೊಬ್ಬರಿಗೆ ಎಕರೆಗೆ 20 ಸಾವಿರ. ಒಬ್ಬ ಪೈಪು ಹಾಕಿದರೆ ಅವನಿಗೆ 4 ಸಾವಿರ ಜಾಸ್ತಿ. ಆ ಒಂದು ಪೈಪಿನಿಂದ ಎಲ್ಲರಿಗೂ ನೂರು ನೂರು ರೂಪಾಯಿ ಕಡಿಮೆ. ನೂರು ರೂಪಾಯಿ ಯಾರಿಗೂ ಗೊತ್ತಾಗಲ್ಲ. ಪೈಪು ಹಾಕಿದವನಿಗೆ 23,900 ಬಂದದ್ದು ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಮುಂದಿನ ಹಂಗಾಮಿಗೆ ಇನ್ನಿಬ್ಬರು ಪೈಪು ತರುತ್ತಾರೆ. 50 ಜನ ಆದಾಗ ಪಾಳಿಯವನಿಗೆ 15 ಸಾವಿರ, ಪೈಪಿನವನಿಗೆ 19. ಆಗಲೂ ಪೈಪೇ ವಾಸಿ. ಕೊನೆಗೆ ನೂರಕ್ಕೆ ನೂರೂ ಪೈಪು ಹಾಕಿದಾಗ ಎಲ್ಲರಿಗೂ 14 ಸಾವಿರ. ಇಪ್ಪತ್ತು ಕೈಯಲ್ಲಿದ್ದವರು, ಪ್ರತಿ ಹೆಜ್ಜೆಯಲ್ಲೂ ಬುದ್ಧಿವಂತಿಕೆಯಿಂದಲೇ ನಡೆದು, ಹದಿನಾಲ್ಕಕ್ಕೆ ಇಳಿದರು. ನಡುವೆ ಒಬ್ಬನೂ ಹುಚ್ಚ ಆಗಲಿಲ್ಲ.

ಇನ್ನೊಂದು ವಿಷಯ ಗಮನಿಸಿ. ಈ ಏರಿಕೆ ಒಂದೇ ವೇಗದಲ್ಲಿ ಆಗುವುದಿಲ್ಲ. ಮೊದಲು ನಿಧಾನ, ಅರ್ಧದ ಹತ್ತಿರ ಬಂದಾಗ ಜೋರು, ಆಮೇಲೆ ಮತ್ತೆ ನಿಧಾನ. ಪೈಪು ನಾಲ್ಕೈದು ಇದ್ದಾಗ ನಿಮ್ಮ ಗಮನಕ್ಕೇ ಬರಲ್ಲ. ಬಂದಾಗ ನಲವತ್ತು ಇರುತ್ತವೆ.

ಸರಿ, ದಂಡ ಹಾಕೋಣ ಅನ್ನುತ್ತೀರಿ. ಎಷ್ಟು? ಸಿಕ್ಕಿಬಿದ್ದರೆ 10 ಸಾವಿರ ಅಂತ ಇಟ್ಟುಕೊಳ್ಳಿ. ಹತ್ತರಲ್ಲಿ ಒಬ್ಬ ಸಿಕ್ಕಿದರೆ ತಲೆಗೆ ಬೀಳುವುದು ಒಂದು ಸಾವಿರ. ಲಾಭ ನಾಲ್ಕು ಸಾವಿರ. ಯಾರು ಬಿಡುತ್ತಾರೆ? ದಂಡವನ್ನು ಒಂದು ಲಕ್ಷ ಮಾಡಿದರೆ ಕಾಗದದ ಮೇಲೆ ಲೆಕ್ಕ ಸರಿ ಹೋಗುತ್ತದೆ. ಕಾಲುವೆ ಮೇಲೆ ಹೋಗಲ್ಲ. ಗೇಟು ನೋಡುವವನು ಅದೇ ಊರಿನವನು. ತನ್ನ ಊರಿನವನ ತಲೆ ಮೇಲೆ ಒಂದು ಲಕ್ಷ ಹೊರಿಸಿ ಮರುದಿನ ಹೋಟೆಲಿನಲ್ಲಿ ಚಹಾ ಕುಡಿಯುವುದು ಅವನಿಂದ ಆಗುತ್ತದಾ? ಬರೆಯುವುದೇ ಇಲ್ಲ. ದಂಡ ದೊಡ್ಡದಾದಷ್ಟೂ ಹಾಕುವ ಕೈ ಹಿಂದೆ ಸರಿಯುತ್ತದೆ.

ಇಸ್ರೇಲಿನ ಹೈಫಾ ಊರಿನ ಶಿಶುವಿಹಾರಗಳ ಕಥೆ ನಿಮ್ಮಲ್ಲಿ ಕೆಲವರು ಕೇಳಿರಬಹುದು. ಮಕ್ಕಳನ್ನು ಕರೆದುಕೊಂಡು ಹೋಗಲು ತಡವಾಗಿ ಬರುವ ತಂದೆತಾಯಿಗೆ ಸಣ್ಣ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆ ಆಗಲಿಲ್ಲ, ಹೆಚ್ಚಾದರು. ಮೊದಲು ನಾಚಿಕೆ ಇತ್ತು. ದಂಡ ಬಂದ ಮೇಲೆ ಅದು ಬೆಲೆ ಆಯಿತು, ಕೊಟ್ಟು ತಡ ಮಾಡಿದರು. ದಂಡ ತೆಗೆದರೂ ನಾಚಿಕೆ ವಾಪಸ್ ಬರಲಿಲ್ಲ. ಗ್ನೀಜಿ ಮತ್ತು ರುಸ್ತಿಕಿನಿ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 2000ದಲ್ಲಿ ಇದನ್ನು ಪ್ರಕಟಿಸಿದರು. ನಮ್ಮಲ್ಲೂ "ಬರೀರಿ, ಕಟ್ತೀನಿ" ಅಂತ ಎದೆಯುಬ್ಬಿಸಿ ಹೇಳಿದವರನ್ನು ನಾನೇ ನೋಡಿದ್ದೇನೆ.

ಹಾಗಾದರೆ ಏನು ಬದಲಾಗಬೇಕು? ಸಿಕ್ಕಿಬೀಳುವ ಸಂಭವ. ಅದು ಎಲ್ಲಿಂದ ಬರುತ್ತದೆ? ಅಕ್ಕಪಕ್ಕದವರ ಕಣ್ಣಿನಿಂದ. ಪಾಳಿಯವನು ನೋಡಿದರೆ ಹೇಳುತ್ತಾನೆ, ಪೈಪಿನವನು ನೋಡಿದರೆ ಸುಮ್ಮನಿರುತ್ತಾನೆ. ಅಂದರೆ ಪಾಳಿಯವರು ನೂರರಲ್ಲಿ ಎಷ್ಟು ಜನ ಇದ್ದಾರೋ, ಸಿಕ್ಕಿಬೀಳುವ ಸಂಭವ ಅಷ್ಟು ಅಂತ ಇಟ್ಟುಕೊಳ್ಳೋಣ. ದಂಡ 8 ಸಾವಿರ ಇಡಿ. ಪಾಳಿಯವರು 60 ಜನ ಇದ್ದರೆ ಪೈಪಿನವನ ತಲೆಗೆ ಸರಾಸರಿ 4,800 ಬೀಳುತ್ತದೆ, ಲಾಭ 4 ಸಾವಿರ ಮುಳುಗಿತು. ಪೈಪು ಬಿಡುವವರು ಹೆಚ್ಚುತ್ತಾರೆ, ಕಣ್ಣು ಹೆಚ್ಚುತ್ತವೆ, ಇನ್ನೂ ಬಿಡುತ್ತಾರೆ. ಪಾಳಿಯವರು 40 ಇದ್ದರೆ ಬೀಳುವುದು 3,200. ಪೈಪು ಲಾಭ. ಪಾಳಿಯವರು ಒಬ್ಬೊಬ್ಬರೇ ಕಳಚುತ್ತಾರೆ. ನಡುವೆ ಒಂದು ಗೆರೆ ಇದೆ, ಸರಿಯಾಗಿ 50ರಲ್ಲಿ. ಗೆರೆಯ ಆಚೆ ನಿಂತ ಕಾಲುವೆ ತಾನಾಗಿಯೇ ಸುಧಾರಿಸುತ್ತದೆ. ಈಚೆ ನಿಂತದ್ದು ತಾನಾಗಿಯೇ ಕೆಡುತ್ತದೆ. ಜನ ಅವರೇ, ದಂಡ ಅದೇ, ಕಾನೂನು ಅದೇ.

ನಾನು ಈ ಪತ್ರ ಬರೆಯಲು ಕಾರಣವೇ ಈ ಗೆರೆ.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ಯಾವ ಕೆಲಸ ನೋಡಿದರೂ ಎಲ್ಲ ಕಡೆ ಸ್ವಲ್ಪ ಸ್ವಲ್ಪ. ಇಲ್ಲಿ ಒಂದು ಶಿಬಿರ, ಅಲ್ಲಿ ಎರಡು ಗೇಟು ರಿಪೇರಿ, ಇನ್ನೊಂದು ಕಡೆ ಒಂದು ವಾರ ಬಂದೋಬಸ್ತ್. ಯಾರಿಗೂ ಬೇಜಾರು ಆಗಬಾರದು ಅಂತ ಇರಬೇಕು. ಈಗ ಹತ್ತು ಉಪಕಾಲುವೆ ಇವೆ ಅನ್ನಿ. ಒಂದೊಂದರಲ್ಲೂ ನೂರಕ್ಕೆ 30 ಜನ ಪಾಳಿಯವರು. ನಿಮ್ಮ ದುಡ್ಡು, ಶ್ರಮ ಎಲ್ಲ ಹಾಕಿ ಒಟ್ಟು 100 ಜನರ ಮನಸ್ಸು ತಿರುಗಿಸಬಲ್ಲಿರಿ. ಹಂಚಿದರೆ ಒಂದೊಂದು ಕಾಲುವೆಗೆ ಹತ್ತು. ಮೂವತ್ತು ನಲವತ್ತಾಯಿತು. ಗೆರೆ ದಾಟಲಿಲ್ಲ. ಎರಡು ಹಂಗಾಮು ಕಳೆದರೆ ಆ ನಲವತ್ತೂ ಜಾರಿ ಹೋಗುತ್ತದೆ, ಖರ್ಚು ನೀರಲ್ಲಿ ಹೋಮ. ಅದೇ 100 ಜನರನ್ನು ನಾಲ್ಕೇ ಕಾಲುವೆಗೆ ಹಾಕಿ, ಒಂದಕ್ಕೆ 25ರಂತೆ. ಮೂವತ್ತು ಐವತ್ತೈದಾಯಿತು. ನಾಲ್ಕೂ ಗೆರೆ ದಾಟಿದವು. ನೀವು ಕೈ ಬಿಟ್ಟ ಮೇಲೂ ಅವು ಮೇಲಕ್ಕೇ ಹೋಗುತ್ತವೆ. ಉಳಿದ ಆರು ಕಾಲುವೆಯವರು ನಿಮಗೆ ಬೈಯುತ್ತಾರೆ, ನಿಜ. ನಮ್ಮ ಕಾಲುವೆ ಆ ಆರರಲ್ಲಿ ಇದ್ದರೆ ನಾನೂ ಬೈಯಬಹುದು. ಆದರೂ ಹೇಳುತ್ತೇನೆ, ಹಾಗೇ ಮಾಡಿ.

ಗೆರೆಯನ್ನೇ ಕೆಳಗೆ ಎಳೆಯುವ ದಾರಿಯೂ ಇದೆ. ಇದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ, ಶೇಂಗಾದಿಂದ. ಒಂದು ಶನಿವಾರ ತರಗತಿಯಲ್ಲಿ ಆಟ ಆಡಿಸಿದೆ. ಹತ್ತು ಹುಡುಗರನ್ನು ಸಾಲಾಗಿ ಕೂರಿಸಿದೆ. ಬೋಗುಣಿಯಲ್ಲಿ ಹುರಿದ ಶೇಂಗಾ 30. ಬೋಗುಣಿ ಮೊದಲ ಬೆಂಚಿನಿಂದ ಹೊರಟು ಕೈಯಿಂದ ಕೈಗೆ ಹೋಗಬೇಕು. ಒಬ್ಬರು ಐದರ ತನಕ ತಗೋಬಹುದು. ಸಾಲು ಮುಗಿದಾಗ ಎಷ್ಟು ಉಳಿದಿರುತ್ತದೋ ಅಷ್ಟನ್ನು ನಾನು ಮತ್ತೆ ಹಾಕುತ್ತೇನೆ, ಎರಡು ಪಟ್ಟು ಆಗುತ್ತದೆ. ಮೊದಲ ಸಲ ಬೋಗುಣಿ ಆರನೆಯವನ ಹತ್ತಿರ ಖಾಲಿ. ಆರು ಜನ ಐದೈದು ತಗೊಂಡಿದ್ದರು. ಹಿಂದಿನ ನಾಲ್ವರು ಬರೀ ಬೋಗುಣಿ ಮೂಸಿ ನೋಡಿದರು. ಎರಡನೆಯ ಸಲ ಒಂದೇ ಬದಲಾವಣೆ ಮಾಡಿದೆ. ಯಾರು ಎಷ್ಟು ತಗೊಂಡರು ಅಂತ ಬೋರ್ಡಿನ ಮೇಲೆ ಅವರ ಹೆಸರಿನ ಮುಂದೆ ಬರೆಯುತ್ತಾ ಹೋದೆ. ದಂಡ ಇಲ್ಲ, ಬೈಗುಳ ಇಲ್ಲ. ಮೊದಲನೆಯವನು ಐದಕ್ಕೆ ಕೈ ಹಾಕಿದ, ಬೋರ್ಡು ನೋಡಿದ, ಮೂರು ವಾಪಸ್ ಹಾಕಿದ. ಆ ಸಲ ಸಾಲಿನ ಕೊನೆಗೆ 11 ಉಳಿದಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗಿ, "ಸರ್, ಹಿಂದಿನಿಂದ ಸುರು ಮಾಡ್ರಿ, ಇನ್ನಾ ಉಳಿತಾವ" ಅಂದಳು. ಅವಳ ಮಾತು ಕೇಳಿದೆ. ನಿಜವಾಗಿಯೂ ಇನ್ನೂ ಉಳಿಯಿತು. ಇದು ಆಟ, ಸಂಶೋಧನೆ ಅಂತ ನಾನು ಹೇಳುತ್ತಿಲ್ಲ. ಆದರೆ ಮುಂದಿನ ಸಾಲಿನ ಹುಡುಗನೊಬ್ಬ ಹೊರಗೆ ಹೋಗುವಾಗ "ನಮ್ಮಪ್ಪನೂ ಹಿಂಗ ಸರ್, ಚೀಲ ಇಟ್ಟಾನ" ಅಂತ ಮೆಲ್ಲಗೆ ಹೇಳಿ ಹೋದ. ಅದು ನನ್ನ ತಲೆಯಿಂದ ಹೋಗಿಲ್ಲ.

ಬೋರ್ಡು ಏನು ಮಾಡಿತು? ಇನ್ನೊಬ್ಬರ ಮೇಲೆ ದೂರು ಹೇಳುವ ಕೆಟ್ಟ ಕೆಲಸವನ್ನು ಯಾರ ತಲೆಗೂ ಕಟ್ಟಲಿಲ್ಲ, ತಾನೇ ಮಾಡಿತು. ಕಾಲುವೆಯಲ್ಲಿ ಇದಕ್ಕೆ ಬೇಕಾದ್ದು ಪ್ರತಿ ತೂಬಿನ ಹತ್ತಿರ ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ, ಮತ್ತು ಊರ ಕಟ್ಟೆಯ ಹತ್ತಿರ ಒಂದು ಕರಿಹಲಗೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಂಕಿ ಬರೆಯಬೇಕು. ಮೂರನೇ ತೂಬಿನಲ್ಲಿ ಎಷ್ಟಿತ್ತು, ನಾಲ್ಕನೆಯದರಲ್ಲಿ ಎಷ್ಟಾಯಿತು. ನಡುವೆ ಇಳಿದಿದ್ದರೆ ಯಾರ ಹೆಸರೂ ಬರೆಯುವುದು ಬೇಡ, ಜನಕ್ಕೆ ಲೆಕ್ಕ ಬರುತ್ತದೆ. ಹಲಗೆ ಇದ್ದ ಮಾತ್ರಕ್ಕೆ ಹತ್ತರಲ್ಲಿ ಮೂರು ಪೈಪು ಬೆಳಕಿಗೆ ಬಂದವು, ಉಳಿದ ಏಳರಲ್ಲಿ ಮೊದಲಿನಂತೆ ಜನರ ಕಣ್ಣು ಅಂತ ಹಿಡಿದರೆ, ನನ್ನ ಲೆಕ್ಕದಲ್ಲಿ ಗೆರೆ 50ರಿಂದ 29ಕ್ಕೆ ಇಳಿಯುತ್ತದೆ. ದಂಡ ಒಂದು ರೂಪಾಯಿ ಏರಿಸದೆ. ಈಗ ಅದೇ 30 ಜನ ಪಾಳಿಯವರು ಇರುವ ಕಾಲುವೆ ಗೆರೆಯ ಆಚೆ ನಿಂತಿದೆ, ನೋಡಿ.

ಇನ್ನು ಮಣ್ಣಿನ ಮಾತು. ಮೇಲಿನ ಹೊಲದವರು ಜಾಸ್ತಿ ನೀರು ತಗೊಂಡು ಸುಖವಾಗಿದ್ದಾರೆ ಅಂತ ನಾನು ಚಿಕ್ಕವನಿದ್ದಾಗ ಅಂದುಕೊಂಡಿದ್ದೆ. ಎರೆ ಮಣ್ಣು ನೀರು ಬಸಿಯಲು ಬಿಡಲ್ಲ. ವರ್ಷವಿಡೀ ಕಬ್ಬಿಗೆ ನೀರು ನಿಲ್ಲಿಸಿದರೆ ಕೆಳಗಿನ ನೀರು ಮೇಲೆ ಏರುತ್ತದೆ, ಉಪ್ಪು ಹೊತ್ತು ಬರುತ್ತದೆ, ಬಿಸಿಲಿಗೆ ನೀರು ಆರಿ ಉಪ್ಪು ನೆಲದ ಮೇಲೆ ಉಳಿಯುತ್ತದೆ. ಮೊದಲು ಹೊಲದ ತಗ್ಗಿನ ಮೂಲೆಯಲ್ಲಿ ಬಿಳಿ ಪೊರೆ. ಆಮೇಲೆ ಆ ಮೂಲೆಯಲ್ಲಿ ಕಬ್ಬು ಮೊಣಕಾಲುದ್ದ. ಆಮೇಲೆ ಏನೂ ಇಲ್ಲ. ಸವಳು-ಜವಳು ಅಂದರೆ ನಮ್ಮ ಕಡೆ ಮಗುವಿಗೂ ಗೊತ್ತು. ಮಾಮಾನ ಹೊಲದಲ್ಲಿ ಈಗ ಒಂದೂವರೆ ಎಕರೆ ಹಾಗೆ ಬಿದ್ದಿದೆ. ಬೇಸಿಗೆಯಲ್ಲಿ ದೂರದಿಂದ ನೋಡಿದರೆ ಯಾರೋ ಸುಣ್ಣ ಚೆಲ್ಲಿದ ಹಾಗೆ.

ನೀರು ಕದ್ದವನಿಗೆ ಭೂಮಿಯೇ ದಂಡ ಹಾಕುತ್ತದೆ ಅಂತಾಯಿತು. ಹಾಗಿದ್ದೂ ಯಾಕೆ ಯಾರೂ ಬಿಡಲ್ಲ? ತಡ, ಅದಕ್ಕೆ. ಲಾಭ ಇದೇ ಹಂಗಾಮಿನಲ್ಲಿ ಬರುತ್ತದೆ, ಸವಳು ವರ್ಷಗಟ್ಟಲೆ ಕಳೆದ ಮೇಲೆ ಬರುತ್ತದೆ. ನೋಡಿ ಕಲಿಯುವ ಜನ ಈ ವರ್ಷದ ಹೊಲ ನೋಡುತ್ತಾರೆ. ಟಿಲ್ಮನ್, ಪ್ಲಾಟ್ಕಿನ್, ಅಕ್ಚಾಯ್ ಅನ್ನುವವರು 2020ರಲ್ಲಿ ಇದೇ ವಿಷಯ ಬಿಡಿಸಿ ತೋರಿಸಿದರು. ಜನರ ನಡತೆ ಬದಲಾಗುವ ವೇಗ ಒಂದು, ಪರಿಸರ ಬದಲಾಗುವ ವೇಗ ಇನ್ನೊಂದು. ಈ ಎರಡು ವೇಗಗಳ ಮೇಲೆ ಆಟದ ಗತಿ ನಿಂತಿರುತ್ತದೆ. ಅದಕ್ಕೂ ಮೊದಲು 2016ರಲ್ಲಿ ಜೋಶುವಾ ವೈಟ್ಜ್ ಮತ್ತು ಸಂಗಡಿಗರು ಇನ್ನೊಂದು ತೋರಿಸಿದ್ದರು. ಸಂಪತ್ತು ಬರಿದಾದಾಗ ಜನ ಒಂದಾಗುತ್ತಾರೆ, ತುಂಬಿದಾಗ ಮರೆಯುತ್ತಾರೆ, ಮತ್ತೆ ಬರಿದಾಗುತ್ತದೆ. ತೊಟ್ಟಿಲ ಹಾಗೆ ತೂಗುತ್ತಲೇ ಇರಬಹುದು. ಅವರು ಸಮೀಕರಣದಲ್ಲಿ ತೋರಿಸಿದ್ದನ್ನು ನಾವು 2023ರಲ್ಲಿ ಕಣ್ಣಾರೆ ಕಂಡೆವು. ರಾಜ್ಯದ 236 ತಾಲ್ಲೂಕುಗಳಲ್ಲಿ 223ರಲ್ಲಿ ಬರ ಘೋಷಣೆ ಆದ ವರ್ಷ ಅದು. ಆ ವರ್ಷ ನಮ್ಮ ಉಪಕಾಲುವೆಯ ಜನ ಗುಡಿಯಲ್ಲಿ ಕೂತು ತಾವೇ ಪಾಳಿ ಹಚ್ಚಿಕೊಂಡರು, ಬಂದಷ್ಟು ನೀರು ಕುಡಿಯಲು ಮತ್ತು ದನಕ್ಕೆ ಅಂತ ಹಂಚಿಕೊಂಡರು. ಮಾಮಾ ತಾವೇ ಪೈಪು ಕಿತ್ತಿದ್ದರು. ಮುಂದಿನ ವರ್ಷ ನಮ್ಮ ಕಾಲುವೆಗೆ ನೀರು ಕೊಡುವ ಹಿಡಕಲ್ ಡ್ಯಾಮಿಗೆ ನೀರು ಬಂತು. 51 ಟಿಎಂಸಿ ಹಿಡಿಯುವ ಡ್ಯಾಮು ಅದು, ತುಂಬುತ್ತಾ ಬಂದ ಹಾಗೆ ಗುಡಿಯ ಪಾಳಿಯ ಚೀಟಿ ಎಲ್ಲಿ ಹೋಯಿತೋ.

ಹಾಗಾಗಿ ಒಂದು ಬೇಡಿಕೆ. ಪಾಳಿಯ ಕರಾರನ್ನು ನೀರಿಲ್ಲದ ವರ್ಷವೇ ಬರೆಸಿ, ಸಹಿ ಹಾಕಿಸಿ. ನೀರು ಬಂದ ಮೇಲೆ ಸಭೆ ಕರೆದರೆ ಯಾರೂ ಬರಲ್ಲ.

ಈಗ ನಮ್ಮ ಹಿರಿಯರ ಒಂದು ಪದಕ್ಕೆ ಬರುತ್ತೇನೆ, ಮುಯ್ಯಿ. ಇಂದು ನನ್ನ ಹೊಲಕ್ಕೆ ನೀನು ಬಾ, ನಾಳೆ ನಿನ್ನ ಹೊಲಕ್ಕೆ ನಾನು. ಮದುವೆಯಲ್ಲಿ ನೀನು ಮಾಡಿದ್ದನ್ನು ನಾನು ತೀರಿಸುತ್ತೇನೆ. 1980ರ ಸುಮಾರಿಗೆ ರಾಬರ್ಟ್ ಆಕ್ಸೆಲ್‌ರಾಡ್ ಅನ್ನುವ ಅಮೆರಿಕದ ರಾಜಕೀಯ ವಿಜ್ಞಾನಿ ಕಂಪ್ಯೂಟರಿನಲ್ಲಿ ಒಂದು ಪಂದ್ಯ ಇಟ್ಟರು. ಸಹಕಾರ ಕೊಡುವುದಾ, ಕೈ ಕೊಡುವುದಾ, ಇದನ್ನು ಪದೇ ಪದೇ ಆಡುವ ಪ್ರೋಗ್ರಾಂ ಕಳಿಸಿ ಅಂತ ವಿದ್ವಾಂಸರನ್ನು ಕೇಳಿದರು. ಗೆದ್ದದ್ದು ಅನಾತೊಲ್ ರಾಪೊಪೋರ್ಟ್ ಕಳಿಸಿದ, ಎಲ್ಲಕ್ಕಿಂತ ಚಿಕ್ಕ ಪ್ರೋಗ್ರಾಂ. ಮೊದಲು ಒಳ್ಳೆಯದು ಮಾಡು, ಆಮೇಲೆ ಎದುರಿನವನು ಹಿಂದಿನ ಸಲ ಮಾಡಿದ್ದನ್ನೇ ಮಾಡು. ಅಂದರೆ ಮುಯ್ಯಿಗೆ ಮುಯ್ಯಿ. ಓದಿದಾಗ ನಮ್ಮ ಅಜ್ಜಿಗೆ ಹೇಳಬೇಕಿತ್ತು ಅನ್ನಿಸಿತು.

ಆದರೆ ಕಾಲುವೆಯಲ್ಲಿ ಈ ಮಂತ್ರ ನಡೆಯಲ್ಲ. ಮೇಲಿನ ಹೊಲದವನು ನನಗೆ ನೀರು ಕೊಡದಿದ್ದರೆ ನಾನು ಅವನಿಗೆ ಏನು ಕೊಡದೆ ಇರಲಿ? ನೀರು ಮೇಲಕ್ಕೆ ಹರಿಯಲ್ಲ. ಮುಯ್ಯಿ ತೀರಿಸುವ ದಾರಿಯೇ ಇಲ್ಲದವನ ಜೊತೆ ಯಾರು ಮುಯ್ಯಿ ಇಡುತ್ತಾರೆ?

ಇಲ್ಲಿ ಅಮೆರಿಕದ ವಿದ್ವಾಂಸೆ ಎಲಿನಾರ್ ಆಸ್ಟ್ರಮ್ ನೆನಪಾಗುತ್ತಾರೆ. ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗುವುದೇ ಸೈ ಅಂತ ಗ್ಯಾರೆಟ್ ಹಾರ್ಡಿನ್ ಅನ್ನುವ ಪರಿಸರ ವಿಜ್ಞಾನಿ 1968ರಲ್ಲಿ ಬರೆದಿದ್ದರು. ಹಾಗೇನಿಲ್ಲ, ಜನ ತಾವೇ ಕಾಪಾಡಿಕೊಂಡ ಊರುಗಳೂ ಇವೆ ಅಂತ ಜಗತ್ತಿನ ಬೇರೆ ಬೇರೆ ಕಡೆಯ ಉದಾಹರಣೆ ಇಟ್ಟು ತೋರಿಸಿದವರು ಆಸ್ಟ್ರಮ್. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಷಯದಲ್ಲಿ ಅದು ಸಿಕ್ಕ ಮೊದಲ ಹೆಂಗಸು. ನೇಪಾಳದ ನೀರಾವರಿಯಲ್ಲಿ ಅವರು ಕಂಡದ್ದು ನನಗೆ ತುಂಬ ಹಿಡಿಸಿತು. ಕಲ್ಲು, ಮರದ ಕೊಂಬೆ, ಮಣ್ಣಿನಿಂದ ಕಟ್ಟಿದ ಹಳೆಯ ಒಡ್ಡುಗಳು ಪ್ರತಿ ಮಳೆಗಾಲ ಕೊಚ್ಚಿ ಹೋಗುತ್ತಿದ್ದವು. ಮತ್ತೆ ಕಟ್ಟಲು ಕೆಳಗಿನ ಹೊಲದವರ ಆಳು ಬೇಕೇ ಬೇಕು. ಆದ್ದರಿಂದ ಮೇಲಿನವರು ಕೆಳಗಿನವರಿಗೆ ನೀರು ಬಿಡುತ್ತಿದ್ದರು. ಸರ್ಕಾರ ಬಂದು ಗಟ್ಟಿ ಕಾಂಕ್ರೀಟ್ ಒಡ್ಡು ಕಟ್ಟಿಕೊಟ್ಟಿತು ಅನ್ನಿ. ಮೇಲಿನವರಿಗೆ ಇನ್ನು ಯಾರ ಹಂಗೂ ಇಲ್ಲ. ಕೆಳಗಿನವರಿಗೆ ನೀರು ಕಡಿಮೆ ಆಗತೊಡಗುತ್ತದೆ. ಒಡ್ಡು ಗಟ್ಟಿಯಾಯಿತು, ಸಂಬಂಧ ಸಡಿಲಾಯಿತು. ನಮ್ಮ ಘಟಪ್ರಭೆಗೆ ಇದು ಮೊದಲಿನಿಂದಲೂ ಹೀಗೇ. ಧುಪದಾಳದ ಒಡ್ಡಿನಿಂದ ಹೊರಟು 100 ಕಿಲೊಮೀಟರ್‌ಗೂ ಜಾಸ್ತಿ ಹರಿಯುವ ಕಾಲುವೆಯಲ್ಲಿ ಮೇಲಿನವರಿಗೆ ಕೆಳಗಿನವರು ಬೇಕಾಗುವ ಗಳಿಗೆಯೇ ಬರಲಿಲ್ಲ.

ಬರಲಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಹೋದ ವರ್ಷ ಮಾಮಾ ನಮ್ಮ ಮನೆಗೆ ಬಂದರು. ಅವ್ವ ಚಹಾ ಕೊಟ್ಟಳು. ಬಹಳ ಹೊತ್ತು ಮಳೆ, ಕಬ್ಬಿನ ಬಿಲ್ಲು, ಎಮ್ಮೆಯ ಮಾತಾಯಿತು. ಆಮೇಲೆ ಬಸಿಗಾಲುವೆ ವಿಷಯ ತೆಗೆದರು. ಸವಳು ತೊಳೆಯಬೇಕಾದರೆ ನೆಲದೊಳಗೆ ತೂತಿನ ಪೈಪು ಹುಗಿದು ಉಪ್ಪು ನೀರು ಹೊರಗೆ ಹಾಕಬೇಕು. ಹೊರಗೆ ಅಂದರೆ ಎಲ್ಲಿಗೆ? ಇಳಿಜಾರಿಗೆ. ಇಳಿಜಾರಿನಲ್ಲಿ ಯಾರಿದ್ದಾರೆ? ನಾವು. ಬಸಿಗಾಲುವೆ ನಮ್ಮ ಹೊಲದ ಬದುವಿನ ಗುಂಟ ಹಾದು ಹಳ್ಳ ಸೇರಬೇಕು. ಅಪ್ಪ ಲೋಟ ಕೆಳಗಿಟ್ಟು, "ಚಲೋ ನೀರು ಬರಲಿಲ್ಲ ನಮ್ಮ ಹೊಲಕ್ಕ, ಈಗ ಉಪ್ಪಿನ ನೀರಿಗೆ ಹಾದಿ ಕೇಳ್ತಿಯೇನೋ ತಮ್ಮಾ?" ಅಂದರು. ಮಾಮಾ ಎದ್ದು ಹೋದರು. ಅವ್ವ ಎರಡು ದಿನ ಅಪ್ಪನ ಜೊತೆ ಮಾತಾಡಲಿಲ್ಲ.

ಆ ರಾತ್ರಿ ನನಗೆ ಹೊಳೆಯಿತು. ಕೊನೆ ಹೊಲದವನ ಹತ್ತಿರ ಕೊಡಲು ಒಂದು ವಸ್ತು ಇದೆ, ಹಾದಿ. ನೀರು ಮೇಲಿನಿಂದ ಬರುತ್ತದೆ, ಬಸಿ ಕೆಳಗೆ ಹೋಗಬೇಕು. ಇವೆರಡನ್ನೂ ಒಂದೇ ಕಾಗದದಲ್ಲಿ ಬರೆದರೆ ಮುಯ್ಯಿ ಆಯಿತಲ್ಲ! ಪಾಳಿ ಕೊಟ್ಟರೆ ಹಾದಿ, ಹಾದಿ ಕೊಟ್ಟರೆ ಪಾಳಿ. ಪಾಳಿ ತಪ್ಪಿದ ಹಂಗಾಮು ಬಸಿಗಾಲುವೆಯ ಬಾಯಿ ಮುಚ್ಚುವ ಹಕ್ಕು ಕೆಳಗಿನವನಿಗೆ. ಈಗ ನೀವು ನೀರು ಹಂಚುವುದನ್ನು ಒಂದು ಕಡತದಲ್ಲಿ, ಸವಳು ಸುಧಾರಣೆಯನ್ನು ಇನ್ನೊಂದು ಕಡತದಲ್ಲಿ ಇಟ್ಟಿದ್ದೀರಿ. ಎರಡು ಕಡತವನ್ನೂ ಒಂದೇ ದಾರದಲ್ಲಿ ಕಟ್ಟಿ. ಎಲ್ಲಿ ಉಪಕಾಲುವೆಯ ಮೇಲ್ಭಾಗದಲ್ಲಿ ಸವಳು ಇದೆಯೋ, ಕೊನೆಯಲ್ಲಿ ಒಣಗಿದೆಯೋ, ಅಂಥ ನಾಲ್ಕನ್ನು ಮೊದಲು ಆರಿಸಿ. ಕರಾರು ಸಂಘದ ಮಟ್ಟದಲ್ಲೇ ಆಗಲಿ. ನೀರಾವರಿ ಕಾಯ್ದೆಗೆ 2000ದಲ್ಲಿ ಆದ ತಿದ್ದುಪಡಿ ಸಂಘಗಳಿಗೆ ಕಾನೂನಿನ ಬಲ ಕೊಟ್ಟಿದೆ, ಆ ಬಲಕ್ಕೆ ಒಂದು ಕೆಲಸ ಸಿಕ್ಕ ಹಾಗಾಗುತ್ತದೆ.

ದಂಡ ಬೇಡ ಅಂತ ನಾನು ಹೇಳುತ್ತಿಲ್ಲ. ಸಣ್ಣದಿರಲಿ, ತಪ್ಪದೆ ಬೀಳಲಿ, ಸಂಘವೇ ಹಾಕಲಿ. ಸ್ಪೇನ್ ದೇಶದ ವಾಲೆನ್ಸಿಯಾದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಚರ್ಚಿನ ಬಾಗಿಲಲ್ಲಿ ನೀರಿನ ನ್ಯಾಯ ನಡೆಯುತ್ತದೆ. ರೈತರೇ ಆರಿಸಿದ ರೈತರು ಕೂರುತ್ತಾರೆ, ಬಾಯಿಮಾತಿನಲ್ಲೇ ವಾದ, ಅಲ್ಲೇ ತೀರ್ಪು. ನೂರಾರು ವರ್ಷದಿಂದ ನಡೆದಿದೆ, 2009ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ನಮ್ಮಲ್ಲಿ ಚರ್ಚಿನ ಬದಲು ಹನುಮಪ್ಪನ ಗುಡಿ, ಗುರುವಾರದ ಬದಲು ಶನಿವಾರ. ಜನ ಹೇಗೂ ಅವತ್ತು ಅಲ್ಲಿ ಇರುತ್ತಾರೆ.

ನನ್ನ ಲೆಕ್ಕದಲ್ಲಿ ಎಷ್ಟೋ ಇಲ್ಲ, ನನಗೆ ಗೊತ್ತು. ನೂರು ರೈತರೂ ಒಂದೇ ತೂಕದವರು ಅಂತ ನಾನು ಹಿಡಿದೆ. ಇಪ್ಪತ್ತು ಎಕರೆಯವನ ಪೈಪನ್ನು ಎರಡು ಎಕರೆಯವನು ನೋಡಿದರೂ ಬಾಯಿ ಬಿಡಲ್ಲ. ಜಾತಿ ಇದೆ, ಸಾಲ ಇದೆ, ಯಾರ ಬೆನ್ನ ಹಿಂದೆ ಯಾರಿದ್ದಾರೆ ಅನ್ನುವುದಿದೆ. ಜನ ಎಲ್ಲರನ್ನೂ ನೋಡಿ ಕಲಿಯುವುದೂ ಇಲ್ಲ, ಊರಲ್ಲಿ ಯಾರ ಮಾತು ನಡೆಯುತ್ತದೋ ಅವರನ್ನು ನೋಡಿ ಕಲಿಯುತ್ತಾರೆ. ಹಾಗಾಗಿ 50 ಅನ್ನುವ ಅಂಕಿಯನ್ನು ಎತ್ತಿಕೊಂಡು ಹೋಗಿ ಸುತ್ತೋಲೆಯಲ್ಲಿ ಬರೆಯಬೇಡಿ, ದಯವಿಟ್ಟು. ಗೆರೆ ಒಂದು ಕಾಲುವೆಯಲ್ಲಿ 35 ಇರಬಹುದು, ಇನ್ನೊಂದರಲ್ಲಿ 70. ಗೆರೆ ಇದೆ ಅನ್ನುವುದಷ್ಟೇ ನಾನು ಬಿಡದೆ ಹಿಡಿದಿರುವ ಮಾತು.

ಮಾಮಾ ಹೋದ ವಾರ ಮತ್ತೆ ಬಂದಿದ್ದರು. ಈ ಪತ್ರದ ಕರಡನ್ನು ಇಬ್ಬರಿಗೂ ಓದಿ ಹೇಳಿದೆ. ಸಿಮೆಂಟ್ ಚೀಲದ ಜಾಗಕ್ಕೆ ಬಂದಾಗ ಮಾಮಾ ಛಾವಣಿ ನೋಡಿದರು, ಅಪ್ಪ ನೆಲ ನೋಡಿದರು. ಓದಿ ಮುಗಿದ ಮೇಲೆ ಅಪ್ಪ ಬಸಿಗಾಲುವೆಗೆ ಹಾದಿ ಕೊಡಲು ಒಪ್ಪಿದ್ದಾರೆ. ಶರತ್ತು ಎರಡು. ಬರುವ ಹಿಂಗಾರಿಯಲ್ಲಿ ಪಾಳಿ ಕೊನೆ ಹೊಲದಿಂದ ಸುರು ಆಗಬೇಕು. ಅಳತೆಪಟ್ಟಿಯ ಅಂಕಿಯನ್ನು ದಿನಾ ಮಾಮಾ ಅವರೇ ಹಲಗೆ ಮೇಲೆ ಬರೆಯಬೇಕು. ಮಾಮಾ ಮೊದಲನೆಯದಕ್ಕೆ ಹೂಂ ಅಂದರು. ಎರಡನೆಯದಕ್ಕೆ "ನನ್ನ ಅಕ್ಷರ ಚಲೋ ಇಲ್ಲ" ಅಂದಿದ್ದಾರೆ. ಹಲಗೆ, ಸುಣ್ಣದ ಕಡ್ಡಿ ನಾನು ತರುತ್ತೇನೆ. ಅಳತೆಪಟ್ಟಿ ನೀವು ಕೊಡಿಸಬೇಕು, ನಮ್ಮ ಉಪಕಾಲುವೆಗೆ ಒಂಬತ್ತು ಬೇಕಾಗುತ್ತವೆ.

ಇಂತಿ,
ಕೊನೆ ಹೊಲದವರ ಮಗ, ಒಬ್ಬ ಗಣಿತದ ಮಾಸ್ತರ್
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ